ಉದ್ದದ ಪುರುಡು

...ಇಲ್ಲ, ಸಾಂಬ್ರಾಣಿ ಇದ್ದಿರಲು ಸಾಧ್ಯವಿಲ್ಲ. ಮೊನ್ನೆ ಮದ್ದೂರಿನ ಪೇಟೆಯಲ್ಲಿ ಯಾರೋ ಅಂಗಡಿಗೆ ಹೊಗೆ ಹಾಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಎದುರುಮನೆ ಅಜ್ಜಿಯ ನಡುಮನೆ, ಕಿಟಕಿಗೆ ಕಟ್ಟಿದ್ದ ಕಂದು ಸೀರೆ, ಅದರಾಚೆಯ ಕೂಸಿನ ಅಳು ಎಲ್ಲ ಒಟ್ಟಿಗೆ ಬಂದವು. ಆದರೆ ಆ ಬಾಣಂತನದಲ್ಲಿ ಅಜ್ಜಿ ಸಾಂಬ್ರಾಣಿ ಹಾಕಿರಲೇ ಇಲ್ಲ. ಹೊಗೆ, ಬೆಳಕು, ಸದ್ದು ಯಾವುದೂ ಆ ಕೂಸಿಗೆ ಆಗುತ್ತಿರಲಿಲ್ಲ. ಇಲ್ಲದ ವಾಸನೆ ಹಿಡಿದು ಬಂದ ನೆನಪನ್ನು ಎಷ್ಟು ನಂಬಬೇಕೋ...

ಅಜ್ಜಿಯ ಸೊಸೆ ಮಳವಳ್ಳಿ ಕಡೆಯವಳು, ತಾಯಿಯಿಲ್ಲದವಳು. ಹಾಗಾಗಿ ಬಾಣಂತನ ಅತ್ತೆಮನೆಯಲ್ಲೇ ಆಯಿತು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿದು ಅವಳಿಗೆ ಬೆನ್ನುನೋವು ಹಿಡಿದಿತ್ತು. ನೋವಿನ ಮಾತ್ರೆ ಎಲ್ಲಿಂದ ಬರುತ್ತಿತ್ತೋ, ನುಂಗುತ್ತಾ ನುಂಗುತ್ತಾ ಅದಿಲ್ಲದೆ ಆಗದಂತಾಗಿತ್ತು. ಬಸುರಿಯಾದ ಮೇಲೂ ಬಿಡಲಾಗಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಕೂಸು ನಡುಗತೊಡಗಿತು. ಮೊಲೆಗೆ ಬಾಯಿಟ್ಟು ಬಿಡುವುದು, ಕೀರಲು ದನಿಯಲ್ಲಿ ಅಳುವುದು. ಅಜ್ಜಿಯ ಜೊತೆ ನಾನೂ ಹೋಗಿದ್ದೆ.

"ಕೂಸಿನ ಮೈಗೂ ಮಾತ್ರೆ ಅಭ್ಯಾಸ ಆಗ್ಬುಟ್ಟಿತ್ತು ಕಣಜ್ಜಿ," ಎಂದಳು ನರ್ಸಮ್ಮ. "ಈಗ ಸಿಗ್ತಿಲ್ಲ, ಅದಕ್ಕೇ ಒದ್ದಾಡ್ತದೆ. ಇಳೀತದೆ. ಸದ್ದುಗದ್ಲ ಬ್ಯಾಡ. ಅವ್ವನ ಎದೆ ಮ್ಯಾಲೇ ಇರ್ಲಿ."

ಔಷಧಿ ಕೊಟ್ಟು, ಅಳು ಒಂದಿಷ್ಟು ಇಳಿದ ಮೇಲೆ ಮನೆಗೆ ಕಳಿಸಿದರು. ತಾಯಿಯ ಮಾತ್ರೆಯನ್ನು ಡಾಕ್ಟರೇ ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತಿದ್ದರು. ಕೂಸು ನೋಡಲು ಬರುವ ನೆಂಟರನ್ನು ತಡೆಯುವುದೇ ಕಷ್ಟವಾಗಿತ್ತು. ಅದಕ್ಕೆ ಅಜ್ಜಿ ಪುರುಡನ್ನೇ, ಹೆರಿಗೆಯ ಮೈಲಿಗೆಯನ್ನೇ ನೆಪ ಮಾಡಿಕೊಂಡು ಹೊಸ್ತಿಲ ಮೇಲೆ ಕೂತಳು.

ಬೆಸಗರಹಳ್ಳಿಯಿಂದ ಅವಳ ತಂಗಿ ಬಂದಾಗ ನಾನು ಅಲ್ಲೇ ಜಗಲಿಯಲ್ಲಿದ್ದೆ. ಮಧ್ಯಾಹ್ನವೋ, ಸಂಜೆಯೋ...

"ದಾರಿ ಬುಡಕ್ಕ, ಕೂಸಿನ ಮೊಕ ನೋಡ್ಕೊಂಡು ಓಯ್ತೀನಿ."

"ಪುರುಡು ಕಣೆ. ಒಳೀಕ್ ಬರ್ಬ್ಯಾಡ."

"ಇನ್ನೂ ಯಾವ್ ಪುರುಡೇ? ಅನ್ನೊಂದ್ ದಿನ ಕಳ್ದು ಯಾವ್ ಕಾಲಾಯ್ತು!"

"ನಮ್ಮತ್ತೆ ಮನೇದು ಉದ್ದದ ಪುರುಡು. ನಿನ್ ಮನೇದು ನೀನ್ ನೋಡ್ಕೊ."

ನನಗೆ ನಗು ಬಂತು. ಅಷ್ಟರಲ್ಲಿ ಒಳಗೆ ಕೂಸು ಕಿರುಚಿತು. ತಂಗಿಯ ದನಿ ಬದಲಾಯಿತು.

"ನಿನ್ ಸೊಸೆ ಮಾತ್ರೆ ನುಂಗ್ತಿದ್ಲಂತಲ್ಲಕ್ಕ, ಊರೆಲ್ಲಾ ಆಡ್ಕೊಂತದೆ. ಅವಳ್ನ ಮಳವಳ್ಳಿಗೆ ಅಟ್ಟು. ನಿನ್ ಮಗನೂ ಊಂ ಅಂದವ್ನೆ. ಕೂಸ್ನ ನಾನ್ ತಕ್ಕೊಂಡ್ ಓಯ್ತೀನಿ, ಬಾಟ್ಲಿ ಹಾಲ್ ಕುಡ್ಸಿ ಸಾಕ್ತೀನಿ."

ಕಿಟಕಿಯ ಸೀರೆ ಅಲುಗಿತು. ಸೊಸೆ ಕೇಳಿಸಿಕೊಳ್ಳುತ್ತಿದ್ದಳು.

ಅಜ್ಜಿ ಕಾಲು ಚಾಚಿ ಹೊಸ್ತಿಲನ್ನೆಲ್ಲ ತುಂಬಿಕೊಂಡಳು. "ಮಾತ್ರೆ ಕೊಟ್ಟೋಳೇ ನಾನು ಕಣೆ. ನನ್ ಮಂಡಿನೋವಿಂದು. ಬೆನ್ನು ನೋಯ್ತದೆ ಅಂದ್ಲು, ನುಂಗವ್ವ ಅಂದೆ. ಅಟ್ಟೋದಾದ್ರೆ ಮೊದ್ಲು ನನ್ನ ಅಟ್ಟು."

ತಂಗಿ ಹೊಸ್ತಿಲಿಂದ ಹಿಂದೆ ಸರಿದಳು. ಆಮೇಲೆ, "ಮುದ್ಕಿ ಆದ್ರೂ ಬುದ್ಧಿ ಬರ್ನಿಲ್ಲ ನಿಂಗೆ," ಎಂದು ಬೈದು, ಬಾಣಂತಿಗೆಂದು ತಂದಿದ್ದ ಬೆಳ್ಳುಳ್ಳಿಯ ಗಂಟನ್ನು ಜಗಲಿಯಲ್ಲಿಟ್ಟು ಬಸ್ಸಿಗೆ ಹೋದಳು.

ಸೊಸೆಯನ್ನು ಅಟ್ಟುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಮಗ ಕೂಡ. ಬೈಗುಳವೆಲ್ಲ ಅಜ್ಜಿಯ ಪಾಲಿಗೆ ಬಂತು. ವಾರಗಳು ಕಳೆದಂತೆ ಕೂಸಿನ ನಡುಕ ಇಳಿಯಿತು. ಒಂದು ಬೆಳಿಗ್ಗೆ ಅಜ್ಜಿ ಕಿಟಕಿಯ ಸೀರೆ ಬಿಚ್ಚಿ ಒಗೆದು ಹರವಿ, "ಪುರುಡು ಕಳೀತು, ಬಾ," ಎಂದು ನನ್ನನ್ನು ಒಳಗೆ ಕರೆದಳು.

ಅಜ್ಜಿ ಈಗಿಲ್ಲ. ಆ ಜಗಲಿಯೂ ಇಲ್ಲ. ಅವಳು ಮಂಡಿ ಹಿಡಿದು ನರಳಿದ್ದನ್ನು ಕಂಡ ನೆನಪು ನನಗಿಲ್ಲ... ನೆನಪಿಲ್ಲ ಎಂದ ಮಾತ್ರಕ್ಕೆ ನೋವಿರಲಿಲ್ಲ ಎನ್ನಲಾಗದು. ಹೋದ ತಿಂಗಳು ಮಂಡ್ಯದ ಬಸ್ಸಿನಲ್ಲಿ ಸೊಸೆ ಸಿಕ್ಕಳು. ಪಕ್ಕದಲ್ಲಿ ಮಗಳು, ಅದೇ ಕೂಸು, ಕಿಟಕಿ ಸೀಟಿಗಾಗಿ ಅವ್ವನೊಡನೆ ಜಗಳ. ಅತ್ತೆಯ ಮಾತು ಬಂದಾಗ ಸೊಸೆ ಕಣ್ಣೊರೆಸಿಕೊಂಡಳು. ಕೇಳಬಹುದಿತ್ತು. ಹುಡುಗಿ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದಳು, ನಾನು ಕೇಳಲಿಲ್ಲ.

ಆ ಮಾತ್ರೆಗಳನ್ನು ಅಜ್ಜಿ ನಿಜವಾಗಿಯೂ ಕೊಟ್ಟಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.