ಅಡುಗೆಮನೆಯ ಬಿಳಿ ಗೆರೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಸ್ವಲ್ಪ ಸಮಾಧಾನದ ಹೆಂಗಸಾಗಿದ್ದರೆ ಒಂದು ಪ್ರಶ್ನೆಯನ್ನು ಮಾರ್ಚ್ ತಿಂಗಳಲ್ಲೇ ಕೇಳಿರುತ್ತಿದ್ದೆ. ಕೇಳಿದ್ದು ಮೇ ತಿಂಗಳ ಕೊನೆಗೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲದಲ್ಲಿ ಆಗ ಅಪಾರ್ಟ್‌ಮೆಂಟು ಎಂದರೆ ಜನ ಕತ್ತೆತ್ತಿ ನೋಡುತ್ತಿದ್ದರು. ನಮ್ಮ ಕಟ್ಟಡದ ಕೆಳಗೆ ಒಂದು ಖಾನಾವಳಿ, ಅದರ ಪಕ್ಕಕ್ಕೆ ಗೊಬ್ಬರದ ಅಂಗಡಿ, ಮೇಲೆ ನಾಲ್ಕು ಮನೆಗಳು. ಎರಡನೇ ಮಹಡಿಯ ಮನೆಯಲ್ಲಿ ನಾನು, ನಮ್ಮ ಮನೆಯವರು, ನನ್ನ ಅತ್ತೆ. ನಮ್ಮ ಮನೆಯವರು ಟ್ರ್ಯಾಕ್ಟರಿನ ಬಿಡಿಭಾಗ ಮಾರಲು ಸವದತ್ತಿ, ರಾಮದುರ್ಗ, ಕಟಕೋಳ ಎಂದು ವಾರವೆಲ್ಲ ತಿರುಗುತ್ತಿದ್ದರು. ಅತ್ತೆ ಸಂಗೊಳ್ಳಿಯ ಮನೆಯನ್ನು ಹಿರಿಯ ಮಗನ ಸಂಸಾರಕ್ಕೆ ಬಿಟ್ಟು, ಹೊಸ ಸೊಸೆ ಒಬ್ಬಳೇ ಇರಬಾರದೆಂದು ನಮ್ಮ ಜೊತೆ ಬಂದಿದ್ದರು. ಸಂಗೊಳ್ಳಿಯ ಮನೆಯ ತಲಬಾಗಿಲು ಮುಚ್ಚುತ್ತಿದ್ದುದು ಮಲಗುವ ಹೊತ್ತಿಗೆ ಮಾತ್ರ. ಈ ಮನೆಯ ಬಾಗಿಲು ಎಳೆದರೆ ಸಾಕು, ತಾನೇ ಟಕ್ಕೆಂದು ಬೀಗ ಹಾಕಿಕೊಳ್ಳುತ್ತಿತ್ತು. ಅದು ನಮಗೆಲ್ಲ ಹೊಸ ಸೋಜಿಗ.

ನಾನು ಟಿ.ಸಿ.ಎಚ್. ಮುಗಿಸಿದವಳು. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. ಕಿತ್ತೂರಿನ ಒಂದು ಖಾಸಗಿ ಶಾಲೆಯವರಿಗೆ ಜೂನ್‌ನಿಂದ ಒಬ್ಬ ಶಿಕ್ಷಕಿ ಬೇಕೆಂದು ಗೊತ್ತಾದಾಗ ಅರ್ಜಿ ಹಾಕಿದೆ. ಮಾರ್ಚ್‌ನಲ್ಲಿ ಒಂದು ದಿನ ಮುಂಜಾನೆಯೇ ಬಾಗಿಲು ಎಳೆದುಕೊಂಡು ಕಿತ್ತೂರಿನ ಬಸ್ಸು ಹತ್ತಿದೆ. ಅವರು ಪಾಠ ಮಾಡಿಸಿ ನೋಡಿ, ಅಲ್ಲಿಯೇ ಒಪ್ಪಿದರು. ವಾಪಸು ಬರುವಾಗ ಕಿಟಕಿಯ ಪಕ್ಕ ಕುಳಿತು ನನ್ನಷ್ಟಕ್ಕೆ ನಾನೇ ಮಗ್ಗಿ ಹೇಳಿಕೊಂಡೆ, ಅಷ್ಟು ಖುಷಿಯಾಗಿತ್ತು.

ಮನೆ ಮುಟ್ಟಿದಾಗ ಸಂಜೆ ನಾಲ್ಕು ದಾಟಿತ್ತು. ಕೀಲಿ ತಿರುಗಿಸಿ ಬಾಗಿಲು ತಳ್ಳಿದರೆ ಅರ್ಧಕ್ಕೇ ನಿಂತಿತು. ಅತ್ತೆ ಬಾಗಿಲ ಹಿಂದೆಯೇ ನೆಲಕ್ಕೆ ಕುಳಿತಿದ್ದರು. ಮುಖ ಕೆಂಪಾಗಿತ್ತು. ಹೇಳದೆ ಕೇಳದೆ ಇಡೀ ದಿನ ಹೋದದ್ದಕ್ಕೆ ಸಿಟ್ಟು ಬಂದಿದೆ ಅಂದುಕೊಂಡೆ. "ಚಾ ಮಾಡು" ಅಂದರು, ಅಷ್ಟೇ. ನಾನು ಒಲೆ ಹಚ್ಚುತ್ತಲೇ ಸುದ್ದಿ ಹೇಳಲು ಶುರು ಮಾಡಿದೆ.

"ಸಾಲ್ಯಾಗ ತೊಗೊಂಡಾರ್ರಿ ಅತ್ತ್ಯಾರ. ಜೂನ್ ಒಂದಕ್ಕ ಬಾ ಅಂದಾರ."

ಅದೇ ಹೊತ್ತಿಗೆ ಸಿಲಿಂಡರಿನ ಹಿಂದಿನಿಂದ ಒಂದು ಜಿರಳೆ ಹೊರಬಂದು, ಕಟಿ ರೊಟ್ಟಿಯ ಬುಟ್ಟಿಯ ಮೇಲೆ ಹಾಯ್ದು, ಗೋಡೆ ಏರಿತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಒಂದು ಅಡಗಿಮನಿ ಹದ್ದಬಸ್ತಿನ್ಯಾಗ ಇಡಾಕ ಬರೂದಿಲ್ಲ, ಸಾಲಿ ಕಲಸತಾಳಂತ. ಒಂದು ತಿಂಗಳ ಈ ಮನ್ಯಾಗ ಜಿರಳಿ, ಜ್ಯಾಡಾ ನನ್ನ ಕಣ್ಣಿಗೆ ಬೀಳಬಾರದು. ಆಮ್ಯಾಲ ನೀ ಎಲ್ಲಿಗರೆ ಹೋಗು, ನಾ ತಡಿಯೂದಿಲ್ಲ."

ನಮ್ಮ ಮನೆಯವರು ಬಂದಾಗ ಅವರ ಮುಂದೆ ಕಣ್ಣೀರು ಹಾಕಿದೆ. ಅವರು ಬೂಟು ಬಿಚ್ಚುತ್ತ, "ಅವ್ವ ಹೇಳಿದ್ದು ಬರೋಬ್ಬರಿ ಐತಿ. ಏನ್ ದೊಡ್ಡ ಮಾತಂತ? ನಾಕು ಜಿರಳಿ ಹೊಡದ್ರಾತು" ಅಂದರು. ಮೇ ಮೂವತ್ತೊಂದರೊಳಗೆ ಶಾಲೆಗೆ ಕೊನೆಯ ಮಾತು ತಿಳಿಸಬೇಕಿತ್ತು. ಆ ನೌಕರಿ ನನ್ನದಾಗಬೇಕಾದರೆ ಅಷ್ಟರೊಳಗೆ ಒಂದು ತಿಂಗಳು ನಮ್ಮ ಮನೆಯಲ್ಲಿ ಜಿರಳೆ ಕಾಣಿಸಬಾರದು.

ನಾಲ್ಕೇ ಜಿರಳೆಯಾಗಿದ್ದರೆ ಹೇಳುವುದೇನಿತ್ತು. ಖಾನಾವಳಿಯ ಅಡುಗೆಮನೆಯಿಂದ ಒಂದು ಕಿಂಡಿಯಂಥ ಓಣಿ ಕಟ್ಟಡದ ನೆತ್ತಿಯವರೆಗೂ ಹೋಗಿತ್ತು. ನಾಲ್ಕೂ ಮನೆಗಳ ಕೊಳವೆಗಳು ಅದರೊಳಗೆ. ಕೆಳಗೆ ಝುಣಕ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ತಿಂದು ಕೊಬ್ಬಿದ ಜಿರಳೆಗಳು ಆ ಕೊಳವೆ ಹಿಡಿದು ಮೇಲೇರಿ ಬರುತ್ತಿದ್ದವು. ಅವಕ್ಕೆ ನಮ್ಮ ಮನೆ ಊಟವಾದ ಮೇಲೆ ಅಡ್ಡಾಡಲು ಬರುವ ಜಾಗ.

ನಾನು ಕೈ ತೊಳೆದುಕೊಂಡು ಅವುಗಳ ಬೆನ್ನು ಹತ್ತಿದೆ. ಕೊಳವೆಯ ಸುತ್ತಲಿನ ಸಂದಿಗೆ ಸಿಮೆಂಟು ಕಲಸಿ ತುಂಬಿದೆ. ಬಚ್ಚಲ ಮೋರಿಯ ಬಾಯಿಗೆ ಒಂದು ಚಪ್ಪಟೆ ಕಲ್ಲಿಟ್ಟೆ. ಕಪಾಟಿನ ಮೂಲೆಗಳಿಗೆ ಡಾಂಬರು ಗುಳಿಗೆ, ಮೂಲೆಮೂಲೆಗೆ ಚಿಮಣಿ ಎಣ್ಣೆ. ಕಿಟಕಿಗಳಿಗೆಲ್ಲ ನೈಲಾನಿನ ಜಾಳಿಗೆ ಹೊಡೆಸಿದೆ, ಅದೂ ಸಾಲದೆಂದು ಅಡುಗೆಮನೆಯ ಕಿಟಕಿಯನ್ನು ಮುಚ್ಚಿ ಅಂಚಿಗೆ ಪೇಪರು ತುರುಕಿದೆ. ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ದಿನಾ ಜೇಡರ ಬಲೆ ಹೊಡೆದೆ. ಬಲೆ ಹರಿದ ಜೇಡ ಮರುದಿನ ಅಲ್ಲಿಯೇ ಮತ್ತೆ ನೇಯ್ದುಕೊಂಡು ಕುಳಿತಿರುತ್ತಿತ್ತು, ಅದಕ್ಕೂ ನನ್ನಷ್ಟೇ ಹಟ.

ಇದರ ನಡುವೆ ಅತ್ತೆಯ ಸೋಮವಾರ. ಒಕ್ಕಲುತನದ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ ಕೊಟ್ಟವರು ಜಿರಳೆಗೆ ಚಪ್ಪಲಿ ಬೀಸಲು ಬಿಡುತ್ತಾರೆಯೇ? ಸೋಮವಾರ ಏನನ್ನೂ ಕೊಲ್ಲುವಂತಿಲ್ಲ. ಅಮಾವಾಸ್ಯೆಯಂದೂ ಇಲ್ಲ. ಜಿರಳೆಗಳು ಆ ದಿನಗಳಲ್ಲೇ ಕಟ್ಟೆಯ ಮೇಲೆ ಆರಾಮಾಗಿ ಮೀಸೆ ಆಡಿಸುತ್ತಿದ್ದವು. ನಾನು ಕಸಬರಿಗೆ ಹಿಡಿದು ಅವನ್ನು ಮೆಲ್ಲಗೆ ಬಾಗಿಲ ಹೊರಗೆ ಕಳಿಸಬೇಕಿತ್ತು, ಬೀಗರನ್ನು ಕಳಿಸಿಕೊಟ್ಟ ಹಾಗೆ.

ಏಪ್ರಿಲ್ ಬಂತು. ಮೇಲಿನ ಸ್ಲ್ಯಾಬು ಕಾದು ಮನೆ ಒಲೆಯಾಯಿತು. ಎಲ್ಲ ಸಂದಿಗಳನ್ನೂ ನಾನೇ ಮುಚ್ಚಿದ್ದೆ, ಗಾಳಿ ಬರಲು ದಾರಿಯಿಲ್ಲ. ಕರೆಂಟು ಹೋದರೆ ಡಾಂಬರು ಗುಳಿಗೆಯ ವಾಸನೆ, ಚಿಮಣಿ ಎಣ್ಣೆಯ ವಾಸನೆ, ಇಬ್ಬರು ಹೆಂಗಸರ ಬೆವರು. ನನಗೆ ಉಸಿರು ಕಟ್ಟುತ್ತಿತ್ತು. ಆದರೂ ಕಿಟಕಿ ತೆಗೆಯಲಿಲ್ಲ. ಕಿತ್ತೂರಿನ ಆ ತರಗತಿಗೆ ದೊಡ್ಡ ದೊಡ್ಡ ಕಿಟಕಿಗಳಿದ್ದವು, ಅವನ್ನೇ ನೆನೆಸುತ್ತ ರೊಟ್ಟಿ ಬಡಿಯುತ್ತಿದ್ದೆ.

ಅತ್ತೆ ಹೆಚ್ಚು ಮಾತಾಡುತ್ತಿರಲಿಲ್ಲ. ಮಧ್ಯಾಹ್ನ ನಡುಮನೆಯಲ್ಲಿ ಗೋಡೆಗೊರಗಿ ಕುಳಿತು ವೆಂಟಿಲೇಟರಿನ ಕಡೆ ನೋಡುತ್ತಿರುತ್ತಿದ್ದರು. ಅಲ್ಲಿ ಒಂದು ಜೇಡವಿತ್ತು. ನಾನು ಕೋಲು ತಂದಾಗ, "ಅದರ ಪಾಡಿಗೆ ಅದು ಇರಲಿ ಬಿಡು. ಅದಕ್ಕರೆ ಹೊರಗ ಹೋಗೂ ದಾರಿ ಗೊತ್ತೈತಿ" ಅಂದರು. ಜೇಡ ಕಣ್ಣಿಗೆ ಬೀಳಬಾರದೆಂದು ತಾವೇ ಶರತ್ತು ಹಾಕಿ ಈಗ ಅದರ ಪರ ವಕಾಲತ್ತು ಬೇರೆ ಎಂದು ನನ್ನ ಹೊಟ್ಟೆ ಉರಿಯಿತು. ಮಾತಿನ ಒಳಗೇನಿದೆಯೆಂದು ಯೋಚಿಸಲಿಲ್ಲ.

ಏಪ್ರಿಲ್ ಕೊನೆಗೆ ಪಕ್ಕದ ಮನೆಯವರು ಒಂದು ಹೊಸ ಔಷಧ ಹೇಳಿದರು. ಜಿರಳೆಗೆಂದೇ ಬರುವ ಸೀಮೆಸುಣ್ಣದ ಕಡ್ಡಿ. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತೇವೆ. ಅದರಿಂದ ನೆಲದ ಮೇಲೆ ಗೆರೆ ಎಳೆದರೆ ದಾಟಿದ ಜಿರಳೆ ಬೆನ್ನಡಿಯಾಗಿ ಬೀಳುತ್ತದೆ. ಒಂದು ಡಬ್ಬಿ ತಂದು ಅಡುಗೆಮನೆಯ ಹೊಸ್ತಿಲು, ಕೊಳವೆಯ ಬುಡ, ಬಚ್ಚಲ ಸುತ್ತ ಗೆರೆ ಎಳೆದೆ. ಮರುದಿನ ಮುಂಜಾನೆ ಐದು ಬಿದ್ದಿದ್ದವು. ನಾನು ಅವನ್ನು ಮೊರದಲ್ಲಿ ಹಾಕಿ ಅತ್ತೆಗೆ ತೋರಿಸಿದೆ. ಅವರು ಹೂಂ ಅಂದರು.

ಅಲ್ಲಿಂದ ಅತ್ತೆಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಬಂತು. "ನೆಲಾ ನಾ ಒರಸತೇನಿ, ಗೆರೀನೂ ನಾನ ಎಳೀತೇನಿ. ನೀ ರೊಟ್ಟಿ ನೋಡ್ಕೊ" ಅಂದರು. ಮೊಣಕಾಲು ನೋವಿನ ಹೆಂಗಸು ದಿನಾ ಬಗ್ಗಿ ಒರೆಸಿ, ಗೆರೆ ಎಳೆಯುತ್ತಿದ್ದರು. ಕೊನೆಗೂ ನನ್ನ ಕಡೆಗೆ ವಾಲಿದರಲ್ಲ ಎಂದು ನನಗೆ ಸಮಾಧಾನ. ಆದರೆ ವಾರದೊಳಗೆ ಜಿರಳೆಗಳು ಮತ್ತೆ ಬಂದವು. ಪ್ರತಿಯೊಂದು ಸಲವೂ ಅದನ್ನು ನೋಡುತ್ತಿದ್ದವರು ಅತ್ತೆಯೇ. "ಅಗಾ, ಒಂದು ಹೋತು ನೋಡು" ಅನ್ನುತ್ತಿದ್ದರು. ನನ್ನ ತಿಂಗಳು ಮತ್ತೆ ಮೊದಲ ದಿನಕ್ಕೆ ಬಂದು ನಿಲ್ಲುತ್ತಿತ್ತು. ಮೇ ಅರ್ಧ ಮುಗಿದಾಗ ಆ ಒಂದು ತಿಂಗಳು ಇನ್ನು ಸಿಗುವುದಿಲ್ಲವೆಂದು ಕೊನೆಗೂ ಒಪ್ಪಿಕೊಂಡೆ. ಬಚ್ಚಲಲ್ಲಿ ಒಬ್ಬಳೇ ಕೂತು ಕಣ್ಣೀರು ಹಾಕಿದೆ.

ಆ ದಿನಗಳಲ್ಲೇ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಅತ್ತೆ ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ನೀರು ಕುಡಿಯುತ್ತಿದ್ದರು. ಅವರಿಗೆ ಒಂದು ವಿಭೂತಿ ಗಟ್ಟಿ ವರ್ಷಗಟ್ಟಲೆ ಬರುತ್ತಿತ್ತು. ಅಂಥವರು ಒಂದೇ ತಿಂಗಳಲ್ಲಿ ಎರಡು ಸಲ, "ಪ್ಯಾಟಿಗೆ ಹೋದ್ರ ಒಂದು ವಿಭೂತಿ ಗಟ್ಟಿ ತಾ" ಅಂದರು. ನಾನು ತಂದುಕೊಟ್ಟೆ. ಯಾಕೆಂದು ಕೇಳಲಿಲ್ಲ.

ಮೇ ಕೊನೆಯ ವಾರ, ಒಂದು ಮಧ್ಯಾಹ್ನ. ನಾನು ಶಾಲೆಗೆ ಆಗುವುದಿಲ್ಲವೆಂದು ಪತ್ರ ಬರೆಯಲು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಅತ್ತೆ ನಡುಮನೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಒಂದು ಜಿರಳೆ ಕೊಳವೆಯ ಬುಡದಿಂದ ಇಳಿಯಿತು. ಬಿಳಿ ಗೆರೆಯ ಹತ್ತಿರ ಬಂತು, ನಿಲ್ಲಲಿಲ್ಲ, ದಾಟಿತು. ಒಲೆಯ ಕಟ್ಟೆಯ ಬುಡಕ್ಕೆ ಹೋಗಿ, ತಿರುಗಿ ಬಂದು, ಮತ್ತೆ ದಾಟಿತು. ಏನೂ ಆಗಲಿಲ್ಲ.

ನಾನು ಬಗ್ಗಿ ಗೆರೆಯನ್ನು ಬೆರಳಿಂದ ತೀಡಿದೆ. ಖಡು ಒರಟು, ಔಷಧದ ಕಮಟು ವಾಸನೆ. ಇದು ನುಣುಪಾಗಿತ್ತು. ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಸಿಕೊಂಡ ವಾಸನೆ ಗೊತ್ತಾಗದೇ ಇರುತ್ತದೆಯೇ? ಆದರೂ ಒಂದು ತಿಂಗಳು ಅದೇ ಗೆರೆಯನ್ನು ದಾಟಿ ಓಡಾಡಿದ್ದೆ, ಗೊತ್ತಾಗಿರಲಿಲ್ಲ.

ಬೆರಳು ಹಿಡಿದುಕೊಂಡೇ ನಡುಮನೆಗೆ ಹೋದೆ. "ಇದೇನ್ರಿ ಅತ್ತ್ಯಾರ?"

ಅವರು ನೋಡಿದರು. "ವಿಭೂತಿ" ಅಂದರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ.

"ಖಡು ಎಲ್ಲಿ?"

ಎದ್ದು ಹೋಗಿ ತಮ್ಮ ಟ್ರಂಕು ತೆರೆದು, ಒಂದು ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಟ್ಟ ಕಡ್ಡಿಗಳನ್ನು ತಂದು ನನ್ನ ಮುಂದಿಟ್ಟರು. ಮೊದಲ ದಿನ ನಾನು ಎಳೆದ ಕಡ್ಡಿ ಬಿಟ್ಟರೆ ಒಂದೂ ಸವೆದಿರಲಿಲ್ಲ. ನನ್ನ ತಲೆ ಕೆಟ್ಟು ಹೋಯಿತು.

"ನನ್ನ ಮನ್ಯಾಗ ಕೂಡ್ರಸಬೇಕಂತ ಇಷ್ಟೆಲ್ಲಾ ಮಾಡಿದ್ರಿ? ಮೊದಲ ಹೇಳಿದ್ರ ನಾ ಅರ್ಜಿನ ಹಾಕತಿದ್ದಿಲ್ಲ. ಮೂರು ತಿಂಗಳ ಹೊಲಸು ಬಳದೇನ್ರಿ. ಉಸಲ ಕಟ್ಟಿ ಸಾಯಾಕತ್ತೇನಿ ಈ ಮನ್ಯಾಗ."

"ನಾನೂ" ಅಂದರು ಅತ್ತೆ.

ಅವರು ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನೀ ಕಿತ್ತೂರಿಗೆ ಹೋದ ದಿವಸ ಬಾಗಲಾ ಎಳಕೊಂಡು ಹೋದಿ. ಸಂತಿಗೆ ಹೋಗಾಗ ತಗದ ಬಿಟ್ಟು ಹೋಗತಿ, ಅವತ್ತ ಎಳಕೊಂಡು ಹೋದಿ. ಹತ್ತು ಗಂಟೇಕ ಕೆಳಗ ಕಟ್ಟಿ ಮ್ಯಾಲೆ ಕುಂಡ್ರೂಣಂತ ಹ್ವಾದ್ನಿ, ಬಾಗಲಾ ತಗೀಲಿಲ್ಲವಾ." ತಮ್ಮ ಬಲಗೈಯನ್ನು ಎತ್ತಿ ತೋರಿಸಿದರು. ಕಳೆ ತೆಗೆದು, ಕೊಯ್ದು, ಗಂಟುಗಂಟಾದ ಬೆರಳುಗಳು. "ಆ ಬೀಗದ ಗುಂಡ ಗುಬ್ಬಿ ಒತ್ತಿ ತಿರಗಸಬೇಕು. ಈ ಕೈಲೆ ಆಗೂದಿಲ್ಲ. ಬಡದೆ, ಒದರಿದೆ. ಖಾನಾವಳಿ ಗದ್ದಲದಾಗ ಯಾರಿಗೆ ಕೇಳಬೇಕು? ಇಲ್ಲೇ ಸತ್ತರ ಯಾರಿಗೂ ತಿಳಿಯೂದಿಲ್ಲ ಅನಿಸ್ತು. ನೀ ಬರೂತನಕ ಬಾಗಲದಾಗ ಕುಂತಿದ್ನಿ. ಜೂನಿಂದ ದಿನಾ ಹಂಗ ಅಂದ್ರ ಹೆಂಗವಾ?"

"ಅವತ್ತ ಯಾಕ ಹೇಳಲಿಲ್ಲರಿ?"

"ಎಂಟು ಎತ್ತಿನ ಕಮತ ನಡಸಿದಾಕಿ ನಾ. ಬಾಗಲಾ ತಗಿಯಾಕ ಬರೂದಿಲ್ಲಂತ ಸೊಸಿ ಮುಂದ ಹೆಂಗ ಹೇಳ್ಲಿ?" ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಅಂದರು, "ವಿಭೂತಿ ನೆಲಕ್ಕ ಹಾಕೇನಿ. ದಿನಾ ಲಿಂಗಪ್ಪನ ಮುಂದ ತಪ್ಪಾತಂತ ಅಂದೇನಿ."

ನನಗೆ ನಾಚಿಕೆಯಾಯಿತು. ವಿಭೂತಿಯ ಒಂದು ಚೂರು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅದನ್ನು ನನ್ನ ಕಾಲ ಕೆಳಗೆ ಎಳೆದಿದ್ದರು. ಅಷ್ಟು ಹೆದರಿದ್ದರು. ಜಿರಳೆ ಒಳಗೆ ಬರುವ ಒಂದೊಂದು ಸಂದಿಯೂ ನನಗೆ ಬಾಯಿಪಾಠವಾಗಿತ್ತು. ಒಳಗಿದ್ದ ಮನುಷ್ಯರಿಗೆ ಹೊರಗೆ ಹೋಗಲು ಬರುತ್ತದೆಯೋ ಇಲ್ಲವೋ ಎಂದು ಒಂದು ದಿನವೂ ನೋಡಿರಲಿಲ್ಲ.

ಅಡುಗೆಮನೆಯಿಂದ ಚಾಕು ತಂದು ಬಾಗಿಲ ಮುಂದೆ ಕುಳಿತೆ. ನಾಲ್ಕು ಸ್ಕ್ರೂ. ಒಂದು ಜಪ್ಪಯ್ಯ ಅಂದರೂ ಬರಲಿಲ್ಲ, ಬೆರಳು ಕೊಯ್ದುಕೊಂಡೆ. ಕೊನೆಗೆ ಬೀಗ ಕಳಚಿ ಕೈಗೆ ಬಂತು. ಅದಿದ್ದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು ಉಳಿಯಿತು. ಬಜಾರಿನಿಂದ, ಒಳಗಿನಿಂದ ಎತ್ತಿ ಸಿಕ್ಕಿಸುವ ಒಂದು ಕೊಂಡಿ ತಂದು ನಾನೇ ಜಡಿದೆ.

ನಮ್ಮ ಮನೆಯವರು ಸವದತ್ತಿಯಿಂದ ಬಂದು ಬಾಗಿಲು ನೋಡಿ ಗಾಬರಿಯಾದರು. "ಇದರಾಗಿಂದ ಜಿರಳಿ ಬರತಾವಲ್ಲ?" ಅಂದರು.

"ಬರಲಿ" ಅಂದರು ಅತ್ತೆ.

ಬರೆಯಲು ಶುರು ಮಾಡಿದ ಪತ್ರವನ್ನು ಹರಿದು, ಬರುತ್ತೇನೆಂದು ಇನ್ನೊಂದು ಬರೆದೆ. ಜೂನ್ ಒಂದರ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು, "ಬಸ್ಸಿಗೆ ತಡಾ ಆಕೈತಿ, ನಡಿ" ಅಂದರು. ನಾನು ಮೆಟ್ಟಿಲು ಇಳಿದೆ. ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಮೇಲೆ ಬಾಗಿಲು ಮುಚ್ಚಿ ಕೊಂಡಿ ಬಿದ್ದ ಸದ್ದು ಕೇಳಿತು. ನಾನು ನಿಂತೆ. ಕೊಂಡಿ ಎತ್ತಿದ ಸದ್ದು, ಬಾಗಿಲು ತೆರೆದ ಸದ್ದು. ಮತ್ತೆ ಮುಚ್ಚಿದ ಸದ್ದು, ಮತ್ತೆ ತೆರೆದ ಸದ್ದು. ಹೀಗೆ ಎಷ್ಟು ಸಲವೋ. ಬಸ್ಸಿನ ಹೊತ್ತಾಗಿತ್ತು. ಆದರೂ ಆ ಸದ್ದು ನಿಲ್ಲುವವರೆಗೆ ನಾನು ಗೋಡೆ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ.