ಕಾಲು ನೋಡುವ ಸರದಿ

ಅರಬ್ ನಾಡಿನ ಸಹಮ್ ಊರಿನ ಕುದುರೆಲಾಯದಲ್ಲಿ ಸವಾರಿಯಿಂದ ಮರಳಿದ ಮೇಲೆ ಮೊದಲು ನೀರು, ಆಮೇಲೆ ಮೈ ಉಜ್ಜುವುದು, ಕೊನೆಗೆ ಕಾಲಿನ ತಪಾಸಣೆ. ಈ ಕ್ರಮ ನಾನೇ ಮಾಡಿದ್ದು.

ಆ ಬೆಳಿಗ್ಗೆ ಒಣಗಿದ ಹೊಳೆಯ ದಡದಲ್ಲಿ ಚಿಗರೆಯೊಂದು ಕಲ್ಲುಗಳತ್ತ ದಿಟ್ಟಿಸುತ್ತ ಗೊರಸು ಬಡಿಯುತ್ತಿತ್ತು. ಅದನ್ನು ಹತ್ತಿರದಿಂದ ನೋಡುವ ಆಸೆಗೆ ಕುದುರೆಯನ್ನು ಆ ಕಲ್ಲುಗಳ ನಡುವೆಯೇ ನಡೆಸಿದೆ. ಕುದುರೆ ಒಮ್ಮೆ ಬೆಚ್ಚಿಬಿತ್ತು, ಅಷ್ಟೇ.

ಲಾಯದಲ್ಲಿ ನನ್ನ ಜೊತೆ ದುಡಿಯುತ್ತಿದ್ದ ಮಂಗಳೂರಿನವರು, "ಇದು ಕಾಲು ಊರುವುದಿಲ್ಲ ಮಾರಾಯ್ರೆ, ಮೊದಲು ಅದನ್ನು ನೋಡುವ" ಎಂದರು.

"ಮೊದಲು ನೀರು. ಯಲ್ಲಾ, ಬೇಗ!" ಎಂದೆ.

ಕಾಲಿನ ಸರದಿ ಬರುವಷ್ಟರಲ್ಲಿ ಅದು ಮಂಡಿಯವರೆಗೆ ಊದಿತ್ತು. ಗೊರಸಿನ ಮೇಲ್ಗಡೆ ಹಾವಿನ ಹಲ್ಲಿನ ಗುರುತಿತ್ತು. ಬೆಳಿಗ್ಗೆ ಚಿಗರೆ ಕಲ್ಲುಗಳತ್ತ ದಿಟ್ಟಿಸುತ್ತಿದ್ದುದು ಆ ಹಾವನ್ನೇ. ಪಶುವೈದ್ಯರು ಜೀವ ಉಳಿಸಿದರು, ಕುಂಟು ಹೋಗಲಿಲ್ಲ. ಈಗ ಕಾಲಿನ ತಪಾಸಣೆಯೇ ಮೊದಲು. ಆದರೆ ನಾನು ಬಗ್ಗಿದರೆ ಆ ಕುದುರೆ ಕಾಲು ಎತ್ತಿ ಕೊಡುವುದಿಲ್ಲ.