ಸ್ಕೂಲಿಗೆಂದು ಹೊರಟವಳು

ಆ ಮಾತು ಆಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಧುಗಿರಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ಆ ವರ್ಷ ಪಾವಗಡದ ಕಡೆಯ ಹುಡುಗಿಯೊಬ್ಬಳು ಹತ್ತನೇ ತರಗತಿಗೆ ಬಂದು ಸೇರಿದ್ದಳು. ಅಪ್ಪ ಅಮ್ಮ ಊರಲ್ಲೇ ಇದ್ದರು. ಇವಳು ಬಡವನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಮಾತು ತೆಲುಗು. ಕನ್ನಡ ಚೆನ್ನಾಗಿಯೇ ಬರೆಯುತ್ತಿದ್ದಳು, ಆದರೆ ಗಟ್ಟಿಯಾಗಿ ಓದುವಾಗ ಪ್ರತಿ ಸಾಲಿನ ಕೊನೆಯನ್ನೂ ಎಳೆಯುತ್ತಿದ್ದಳು. ಒಂದು ಮಧ್ಯಾಹ್ನ, ಪಾಠ ಮುಗಿಯುತ್ತಿಲ್ಲ ಎಂಬ ಸಿಟ್ಟಿನಲ್ಲಿ, "ಇದು ಕನ್ನಡ ಕ್ಲಾಸಮ್ಮ, ತೆಲುಗು ಸಿನಿಮಾ ಅಲ್ಲ" ಅಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮಾರನೆಯ ದಿನದಿಂದ ಅವಳು ಬರಲಿಲ್ಲ.

ಮೊದಲೆರಡು ದಿನ ಜ್ವರವಿರಬೇಕು ಅಂದುಕೊಂಡೆ. ಆಮೇಲೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಒಂಬತ್ತನೇ ದಿನ, ಶುಕ್ರವಾರ ಬೆಳಿಗ್ಗೆ, ಹೆಡ್‌ಮಾಸ್ಟರು ಹಾಜರಿ ಪುಸ್ತಕ ನನ್ನ ಮುಂದಿಟ್ಟರು. "ಹಾಜರಾತಿ ಇಲ್ದಿದ್ರೆ ಪರೀಕ್ಷೆಗೆ ಕೂರಿಸೋಕಾಗಲ್ಲ. ಮನೆಗೆ ಫೋನ್ ಮಾಡಿದ್ರಾ?"

ಮಾಡಿರಲಿಲ್ಲ. ಅವರೆದುರಿಗೇ ಮಾಡಿದೆ.

"ಇದೇನ್ ಮೇಡಂ ಇಂಗಂತೀರಾ?" ಅಂದರು ಚಿಕ್ಕಮ್ಮ. "ಇವತ್ತೂ ಯೂನಿಫಾರಂ ಹಾಕ್ಕಂಡು ಎಂಟೂವರೆ ಬಸ್ಸಿಗೇ ಹೋದ್ಳಲ್ಲ! ದಿನಾ ಹೋಗ್ತಾವ್ಳೆ!"

ಒಂಬತ್ತು ದಿನ. ಹಾಗಾದರೆ ಹುಡುಗಿ ಎಲ್ಲಿಗೆ ಹೋಗುತ್ತಿದ್ದಾಳೆ?

ಬಾಗಿಲಲ್ಲಿ ನಮ್ಮ ಅಟೆಂಡರಮ್ಮ ನಿಂತಿದ್ದರು. ಬೆಳಿಗ್ಗೆ ಬೀಗ ತೆಗೆಯುವುದು, ಬೆಲ್ ಹೊಡೆಯುವುದು ಎಲ್ಲ ಅವರೇ. ಅವರ ತವರೂ ಪಾವಗಡದ ಗಡಿಯ ಹಳ್ಳಿ. ಆ ಹುಡುಗಿ ಅವರನ್ನು 'ಪೆದ್ದಮ್ಮ', ಅಂದರೆ ದೊಡ್ಡಮ್ಮ, ಎಂದು ಕರೆಯುತ್ತಿದ್ದುದು ನನಗೆ ಆಗ ಗೊತ್ತಿರಲಿಲ್ಲ.

"ಅವತ್ತು ನಿಮ್ ಕ್ಲಾಸ್ ಮುಗುದ್ಮೇಲೆ ನೀರಿನ ಟ್ಯಾಂಕ್ ಹಿಂದೆ ಅಳ್ತಾ ಕೂತಿದ್ಲು ಮೇಡಂ," ಅಂದರು. "ನಡೀರಿ, ಬಸ್ ಸ್ಟ್ಯಾಂಡ್‌ನಾಗೆ ಕೇಳನ."

ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಹೆಂಗಸು ಗುರುತು ಹಿಡಿದಳು. "ಮೇಲೆ ನೀಲಿ ಸ್ವೆಟರ್ ಹಾಕ್ಕಂಡಿರ್ತಾಳಲ್ಲ, ಆ ಮಗುನಾ? ದಿನಾ ಬತ್ತಾಳೆ. ಒಂದಿನ ಪಾವಗಡದ ಬಸ್ಸು ಹತ್ತುತಾಳೆ, ಒಂದಿನ ಸಿರಾದು. ಎಲ್ಲೋ ಕೆಲ್ಸಕ್ಕೆ ಹೋಗ್ತಾಳೆ ಅಂದ್ಕಂಡಿದ್ದೆ. ಇವತ್ತು ಕೊರಟಗೆರೆದು ಹತ್ತಿದ್ಲು."

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆಧಾರ್ ತೋರಿಸಿದರೆ ಎಲ್ಲಿಗಾದರೂ ಹೋಗಬಹುದು. ಹದಿನೈದು ವರ್ಷದ ಹುಡುಗಿಯನ್ನು ಯಾರೂ ತಡೆದು ಕೇಳಿರಲಿಲ್ಲ.

"ಶುಕ್ರವಾರ ಅಲ್ವಾ," ಅಟೆಂಡರಮ್ಮ ಯೋಚಿಸಿ ಹೇಳಿದರು. "ಕೊರಟಗೆರೆ ತಾವ ಗೊರವನಹಳ್ಳಿಗೆ ಹೋಗಿರ್ತಾಳೆ. ಲಕ್ಷ್ಮಮ್ಮನ ಗುಡಿ ತಾವ ಜನ ಜಾಸ್ತಿ. ಯಾರೂ ಯಾರನ್ನೂ ಕೇಳಲ್ಲ."

ನಾವಿಬ್ಬರೂ ಗೊರವನಹಳ್ಳಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ಚಿಕ್ಕಮ್ಮ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ "ಹುಡುಕ್ತಾ ಇದ್ದೀವಿ" ಎಂಬುದನ್ನು ಬಿಟ್ಟು ನನಗೆ ಬೇರೇನೂ ಹೇಳಲಾಗಲಿಲ್ಲ. ಬೇಡದ್ದೆಲ್ಲ ಮನಸ್ಸಿಗೆ ಬರುತ್ತಿತ್ತು. ಅಟೆಂಡರಮ್ಮ ಕಿಟಕಿಯಿಂದಾಚೆ ನೋಡುತ್ತಾ ಕೂತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೊರವನಹಳ್ಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಶನದ ಸಾಲನ್ನು ತುದಿಯವರೆಗೂ ನೋಡಿದೆವು. ಹಣ್ಣುಕಾಯಿ ಅಂಗಡಿಗಳ ಮುಂದೆ, ನಲ್ಲಿಯ ಹತ್ತಿರ ನೋಡಿದೆವು. ಒಂದು ಕಡೆ ಅದೇ ಬಣ್ಣದ ಸ್ವೆಟರ್ ಕಂಡು ಓಡಿದೆ. ತಿರುಗಿದ ಮುಖ ಬೇರೆ ಯಾರದ್ದೋ.

ದೇವಸ್ಥಾನದ ಊಟದ ಹಾಲ್‌ನಲ್ಲಿ ಮೂರನೇ ಪಂಕ್ತಿಯಲ್ಲಿ ಅವಳು ಕೂತಿದ್ದಳು.

ನಾನು ಮುಂದೆ ಹೆಜ್ಜೆ ಇಡುತ್ತಿದ್ದಂತೆ ಅಟೆಂಡರಮ್ಮ ನನ್ನ ಮಣಿಕಟ್ಟು ಹಿಡಿದರು. "ನೀವು ಇಲ್ಲೇ ಇರಿ ಮೇಡಂ. ನಿಮ್ಮನ್ನ ಕಂಡ್ರೆ ಎದ್ದು ಓಡೋಗ್ತಾಳೆ."

ಅವರೊಬ್ಬರೇ ಹೋಗಿ ಅವಳ ಪಕ್ಕ ಕೂತರು. ಬಡಿಸುವವರು ಬಂದಾಗ ಅನ್ನ ಹಾಕಿಸಿಕೊಂಡರು. ತೆಲುಗಿನಲ್ಲಿ ಏನೋ ಕೇಳಿದರು. ಹುಡುಗಿ ಅವರ ಹೆಗಲಿಗೆ ಮುಖ ಒತ್ತಿಕೊಂಡಳು. ಬಹಳ ಹೊತ್ತಿನ ಮೇಲೆ ಅವರು ನನ್ನತ್ತ ಕೈ ಮಾಡಿ ಕರೆದರು.

"ತಪ್ಪು ನಂದು ಕಣಮ್ಮ," ಅಂದೆ. "ಹಾಗೆ ಅನ್ನಬಾರದಿತ್ತು."

"ಅವತ್ತು ಸಂಜೆ ಬಸ್ ಸ್ಟ್ಯಾಂಡ್‌ವರೆಗೂ ಎಲ್ಲರೂ ನನ್ನನ್ನ 'ಸಿನಿಮಾ' ಅಂತ ಕೂಗಿದ್ರು ಮಿಸ್."

"ಯಾರ್ಯಾರು ಕೂಗಿದ್ರು, ಹೆಸರು ಹೇಳು."

ಅವಳು ತಲೆ ಎತ್ತಿದಳು. "ಮೊದಲು ಅಂದಿದ್ದು ನೀವೇ ಅಲ್ವಾ ಮಿಸ್."

ನಾನು ಫೋನ್ ತೆಗೆದು, ಹುಡುಗಿ ಸಿಕ್ಕಿದಳೆಂದು ಚಿಕ್ಕಮ್ಮನಿಗೆ ಹೇಳಿದೆ.

ವಾಪಸು ಬರುವ ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಎರಡು ದಿನ ಪಾವಗಡದವರೆಗೂ ಹೋಗಿದ್ದಳಂತೆ. ಬಸ್ಸಿನಲ್ಲೇ ಕೂತು ಬೆಟ್ಟದ ಕೋಟೆ ನೋಡಿ, ಅದೇ ಬಸ್ಸಿನಲ್ಲಿ ತಿರುಗಿ ಬಂದಿದ್ದಳಂತೆ. ಮನೆಗೆ ಯಾಕೆ ಹೋಗಲಿಲ್ಲ ಎಂದು ಅಟೆಂಡರಮ್ಮ ಕೇಳಿದ್ದಕ್ಕೆ, "ಅಮ್ಮ ಯಾಕೆ ಬಂದೆ ಅಂದ್ರೆ ಏನ್ ಹೇಳ್ಲಿ?" ಅಂದಳು.

ಅಟೆಂಡರಮ್ಮ ಹೇಳಿದರು: "ನಾಳೆ ಮನೇಲೇ ಇರು. ಸೋಮವಾರ ನಾನು ಬೀಗ ತೆಗಿಯೋ ಹೊತ್ಗೆ ಬಾ. ಕ್ಲಾಸಿಗೆ ಹೋಗ್ಬೇಡ ಬುಡು. ಆಫೀಸ್ನಾಗೆ ನನ್ ಜೊತೆ ಕೂತ್ಕೋ."

ಸೋಮವಾರ ಪ್ರಾರ್ಥನೆ ಮುಗಿದರೂ ಅವಳು ಬರಲಿಲ್ಲ. ನಾನು ಕ್ಲಾಸಿಗೆ ಹೋಗಿ ಆ ಮಕ್ಕಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಹೊರಗೆ ಬಂದಾಗ ಅಟೆಂಡರಮ್ಮ ಗೇಟಿನಲ್ಲೇ ನಿಂತಿದ್ದರು. ಎರಡನೇ ಪೀರಿಯಡ್ಡಿಗೆ ಬೆಲ್ ಹೊಡೆಯುವುದನ್ನೇ ಮರೆತಿದ್ದರು. ಹತ್ತೂಮುಕ್ಕಾಲಿಗೆ ಚಿಕ್ಕಮ್ಮನ ಕೈ ಹಿಡಿದುಕೊಂಡು ಹುಡುಗಿ ಬಂದಳು.

ಎರಡು ದಿನ ಆಫೀಸಿನಲ್ಲೇ ಕೂತಳು. ಮೂರನೆಯ ದಿನ ತಾನಾಗಿ ಎದ್ದು ಕ್ಲಾಸಿಗೆ ಹೋದಳು. ಅಲ್ಲಿಂದ ಪರೀಕ್ಷೆಯವರೆಗೆ ಪ್ರತಿ ಬೆಳಿಗ್ಗೆ ಅಟೆಂಡರಮ್ಮನಿಗೆ ಪೇಪರ್ ಓದಿ ಹೇಳುತ್ತಿದ್ದಳು. ಸಾಲಿನ ಕೊನೆಯನ್ನು ಎಳೆದೇ ಓದುತ್ತಿದ್ದಳು. ಯಾರೂ ತಿದ್ದಲಿಲ್ಲ. ಅವಳು ಬರುವುದು ಐದು ನಿಮಿಷ ತಡವಾದರೂ ನಾನು ಗೇಟಿನವರೆಗೆ ಹೋಗಿ ನೋಡುತ್ತಿದ್ದೆ.

ಪಾಸಾದಳು. ಈಗ ಪಾವಗಡದಲ್ಲಿ ಪಿಯುಸಿ ಓದುತ್ತಿದ್ದಾಳೆ. ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ಅಟೆಂಡರಮ್ಮನ ಪಕ್ಕ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ತೆಲುಗಿನಲ್ಲಿ ಹರಟಿದಳು. ಅವರ ಫೋನ್ ನಂಬರು ಬರೆದುಕೊಂಡಳು. ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. "ಬರ್ತೀನಿ ಮಿಸ್" ಅಂದಳು, ಮರ್ಯಾದೆಯಿಂದಲೇ. ನನ್ನ ನಂಬರು ಕೇಳಲಿಲ್ಲ.